ಕೆಮ್ಮಿನ ಹಾಡು, ಬಾಗಿಲಿನ ಹಾಡು

ಇಂಗ್ಲೆಂಡಿನ ಆ ಪಂಕ್ ತಂಡದ ಮೊದಲಿನ ಹಾಡುಗಳೇ ಹಾಡುಗಳು, ಕೊನೆಕೊನೆಯವು ಬರೀ ಸಪ್ಪೆ ಎಂದು ಪಂಕ್ ಸಂಗೀತ ಬಲ್ಲವರು ಈಗಲೂ ನನಗೆ ಪಾಠ ಹೇಳುತ್ತಾರೆ. ಹೇಳಲಿ. ನನಗೆ ಮೆಚ್ಚು ಆ ಸಪ್ಪೆ ಹಾಡುಗಳೇ. ಎಂಬತ್ತರ ದಶಕದಲ್ಲಿ ಬಂಟ್ವಾಳ ಪೇಟೆಯ ನಮ್ಮ ಮನೆಗೆ ಅವನ್ನು ತಂದವನು ಅಣ್ಣ.

ಅಣ್ಣ ದುಬಾಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಊರಲ್ಲಿದ್ದಾಗ ಭಜನೆಗೂ ಬಾಯಿ ಬಿಡದವನಿಗೆ ಅಲ್ಲಿ ಇಂಗ್ಲೆಂಡಿನ ಈ ಹುಡುಗರ ಹುಚ್ಚು ಹಿಡಿಯಿತು. ಮೊದಲು ಕಳಿಸಿದ ಕ್ಯಾಸೆಟ್ಟಿನಲ್ಲಿ ಅವರು ಕಿರುಚಿದ್ದೇ ಕಿರುಚಿದ್ದು. "ಇವರಿಗೆ ಹೊಟ್ಟೆನೋವು ಉಂಟಾ?" ಎಂದು ಅಮ್ಮ ಕೇಳಿದ್ದಳು. ಮುಂದಿನ ರಜೆಗೆ ಬಂದಾಗ ಅಣ್ಣ ಇನ್ನೊಂದು ತಂದ.

"ಇದು ಅವರಿಗೆ ಸ್ವಲ್ಪ ಪ್ರಾಯ ಆದ ಮೇಲಿನದ್ದು. ಮೊದಲು ಊರಿಗೆಲ್ಲ ಬೈತಿದ್ದರು, ಈಗ ಹಾಡ್ತಾರೆ," ಎಂದ. ಗೆಳೆಯನ ಟೇಪ್ ರೆಕಾರ್ಡರನ್ನು ತನ್ನದರ ಎದುರಿಟ್ಟು, ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತು ಇಳಿಸಿಕೊಂಡದ್ದಂತೆ.

ಆಗ ಗಲ್ಫಿನವರ ಮನೆಗಳಲ್ಲಿ ಕಾಗದಕ್ಕಿಂತ ಹೆಚ್ಚು ಕ್ಯಾಸೆಟ್ಟುಗಳು ಓಡಾಡುತ್ತಿದ್ದವು. ಅಣ್ಣ ತನ್ನ ಮಾತು ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕೊಡುತ್ತಿದ್ದ. ನಾವು ಕೇಳಿ, ಅದರ ಮೇಲೆಯೇ ನಮ್ಮ ಮಾತು ತುಂಬಿಸಿ, ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ನಮ್ಮದು ಕೂತಲ್ಲಿ ಅವನದು ಅಳಿಯುತ್ತಿತ್ತು. ಎಲ್ಲರ ಮನೆಯ ಪದ್ಧತಿಯೂ ಅದೇ. ಹೊಸ ಮಾತು ಬರುತ್ತಲೇ ಇರುವಾಗ ಹಳೆಯದು ಯಾರಿಗೆ ಬೇಕು? ಹಾಡಿನ ಕ್ಯಾಸೆಟ್ಟನ್ನು ಮಾತ್ರ ಮುಟ್ಟಕೂಡದೆಂದು ಅಣ್ಣನ ಕಟ್ಟಪ್ಪಣೆ ಇತ್ತು.

ಮರುವರ್ಷ ಅಣ್ಣ ಅಲ್ಲಿ ರಸ್ತೆ ದಾಟುವಾಗ ಲಾರಿ ಬಡಿದು ತೀರಿಕೊಂಡ. ಅವನ ಮುಖವನ್ನೂ ನಾವು ಕಾಣಲಿಲ್ಲ. ಒಂದೇ ಕೋಣೆಯಲ್ಲಿದ್ದ ಕಲ್ಲಡ್ಕದ ಗೆಳೆಯ ಅವನ ಪೆಟ್ಟಿಗೆ ತಂದುಕೊಟ್ಟ. ಬಟ್ಟೆಗಳ ನಡುವೆ ಮಾತಿನ ಕ್ಯಾಸೆಟ್ಟು ಸಿಕ್ಕಿತು. ಟೇಪ್ ರೆಕಾರ್ಡರಿಗೆ ನಾನೇ ಹಾಕಿದೆ.

"ಮಗಾ, ಈ ಸಲ ಯಾವಾಗ ಬರ್ತಿ?"

ಅಮ್ಮನದೇ ಸ್ವರ. ನಾವು ಕಳಿಸಿದ್ದರ ಮೇಲೆ ಅವನು ಇನ್ನೂ ಮಾತು ತುಂಬಿಸಿರಲಿಲ್ಲ. ಅಷ್ಟು ವರ್ಷ ಅವನು ಆಡಿದ್ದನ್ನೆಲ್ಲ ನಾವೇ ಕೈಯಾರೆ ಒರೆಸಿಹಾಕಿದ್ದೆವು. ಅಣ್ಣನ ಸ್ವರ ಎಂಬುದು ಇನ್ನು ಲೋಕದಲ್ಲಿ ಎಲ್ಲಿಯೂ ಇಲ್ಲ ಎಂದು ಅಮ್ಮ ಗೋಡೆಗೆ ಹಣೆ ಬಡಿದುಕೊಂಡು ಅತ್ತಳು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಲಾರಿಯ ಮೇಲೆ, ದೇವರ ಮೇಲೆ, ಹಾಳು ಪದ್ಧತಿಯ ಮೇಲೆ.

ಉತ್ತರಕ್ರಿಯೆ ಮುಗಿದು ಸುಮಾರು ದಿನಗಳ ಮೇಲೆ, ಮನೆಯ ಮೌನ ಸಹಿಸಲಾಗದೆ, ಒಂದು ಬೆಳಿಗ್ಗೆ ಅವನು ರಜೆಗೆ ಬಂದಾಗ ತಂದ ಹಾಡಿನ ಕ್ಯಾಸೆಟ್ಟು ಹಾಕಿದೆ. ಮೂರನೆಯ ಹಾಡು ಮುಗಿಯುವಲ್ಲಿ ಯಾರೋ ಕೆಮ್ಮಿದರು. ಬಂಗುಡೆ ಮೀನು ಕೊಯ್ಯುತ್ತಿದ್ದ ಅಮ್ಮ ಕೈ ತೊಳೆಯದೆ ಓಡಿಬಂದಳು.

"ಅವನು," ಎಂದಳು.

ಹೌದು, ಅವನೇ. ಎರಡು ಯಂತ್ರಗಳ ನಡುವೆ ಅವನ ಕೋಣೆಯೂ ಕ್ಯಾಸೆಟ್ಟಿನೊಳಗೆ ಸೇರಿಕೊಂಡಿತ್ತು; ಅವನಿದ್ದಾಗ ನಾವು ಅದಕ್ಕೆ ಕಿವಿಗೊಟ್ಟೇ ಇರಲಿಲ್ಲ. ಇನ್ನೊಂದು ಹಾಡಿನ ಮಧ್ಯೆ ಯಾರಿಗೋ, "ಬಾಗಿಲು ಹಾಕು ಮಾರಾಯ, ಹಾಡು ಹಾಳಾಗ್ತದೆ," ಎನ್ನುತ್ತಾನೆ. ಕೊನೆಯದರಲ್ಲಿ ರಾಗ ತಪ್ಪಿ ಮೆಲ್ಲಗೆ ಗುನುಗುತ್ತಾನೆ. ಅಷ್ಟೇ.

ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮ ಅವಕ್ಕೆ ಕೆಮ್ಮಿನ ಹಾಡು, ಬಾಗಿಲಿನ ಹಾಡು ಎಂದು ಹೆಸರಿಟ್ಟಳು. ದಿನವೂ ಕೇಳುವಳು. ನೆರೆಮನೆಯವರು ಮುಸಿಮುಸಿ ನಕ್ಕರೆ, ನಗಲಿ ಎನ್ನುವಳು. ತಿರುಗಿ ತಿರುಗಿ ಟೇಪು ಸವೆಯಿತು, ಸ್ವರ ಮಂಕಾಯಿತು. ಆಗ ಮೂಡುಬಿದಿರೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ಅಲ್ಲಿನ ಅಂಗಡಿಯವನಿಗೆ ಹೇಳಿ, ಬೊಂಬಾಯಿಯಿಂದ ಅದೇ ಹಾಡುಗಳ ಅಸಲಿ ಕ್ಯಾಸೆಟ್ಟು ತರಿಸಿದೆ. ಹಳೆಯದಕ್ಕೆ ಸ್ವಲ್ಪ ವಿಶ್ರಾಂತಿಯಾದರೂ ಸಿಗಲಿ ಎಂದು ನನ್ನ ಲೆಕ್ಕಾಚಾರ.

ಹಾಡುಗಳು ಈಗ ತೊಳೆದಿಟ್ಟ ಹಾಗೆ ಕೇಳಿಸಿದವು. ಅಮ್ಮ ಮೊಣಕಾಲು ತಬ್ಬಿ ಕೂತಿದ್ದಳು. ಮೂರನೆಯದು ಮುಗಿಯುತ್ತಿದ್ದಂತೆ ಕಿವಿಯನ್ನು ಹತ್ತಿರ ತಂದಳು. ಮುಂದಿನ ಹಾಡು ಸುರುವಾಯಿತು.

ಪೂರ್ತಿ ಮುಗಿಯುವವರೆಗೂ ಕೇಳಿದಳು, ಪಾಪ.

"ಚಂದ ಹಾಡ್ತಾರೆ," ಎಂದಳು. "ಆದರೆ ಇವರ ಮನೆಯಲ್ಲಿ ಯಾರೂ ಇಲ್ಲವಾ?"

ನಾನು ಎದ್ದು ಹಳೆಯದನ್ನೇ ಹಾಕಿದೆ.