ಹನ್ನೆರಡನೇ ಕಂಬದ ಕಬ್ಬಕ್ಕಿ

ನಮ್ಮ ಮನೆ ಮುಂದಿನ ತೆಂಗಿನ ಮರದ ಸುಳಿ ಸತ್ತು ಮೂರು ವರ್ಷವಾಯಿತು. ತಲೆಯಿಲ್ಲದ ಬೋಳು ಕಾಂಡ ಈಗಲೂ ನಿಂತಿದೆ. ಜೆ.ಪಿ. ನಗರದ ಎಂಟನೇ ಹಂತದಲ್ಲಿ, ನಾಲ್ಕು ಮಹಡಿಯ ಬಾಡಿಗೆ ಮನೆಗಳ ನಡುವೆ ಅದನ್ನು ನೋಡಿದವರೆಲ್ಲ ನನಗೆ ಬುದ್ಧಿ ಹೇಳಿ ಹೋಗಿದ್ದಾರೆ. ಕಡಿಸಿದರೆ ಒಂದು ಕಾರು ನಿಲ್ಲುತ್ತದೆ ಅಂದವರಿದ್ದಾರೆ, ವಾಸ್ತು ತೆಗೆದವರೂ ಇದ್ದಾರೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೇನೆ. ಆ ಕಾಂಡದಲ್ಲಿ ಎರಡಾಳೆತ್ತರಕ್ಕೆ ಒಂದು ಪೊಟರೆಯಿದೆ, ಅದರಲ್ಲಿ ಕಬ್ಬಕ್ಕಿಗಳು ಸಂಸಾರ ಹೂಡಿವೆ.

ಕಬ್ಬಕ್ಕಿ ನಮ್ಮ ಗೊರವಂಕದ ನೆಂಟ. ಮೈ ಮಾಸಲು ಕೇಸರಿ. ತಲೆಯ ಮೇಲೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದಂಥ ಕಪ್ಪು ಜುಟ್ಟು. ನಾನು ಸೊಸೆಯಾಗಿ ಬಂದಾಗ ಇಲ್ಲೆಲ್ಲ ರಾಗಿ ಹೊಲ. ಮಾವ ಉಳುತ್ತಿದ್ದರೆ ನೇಗಿಲ ಹಿಂದೆಯೇ ಗೊರವಂಕ, ಕಬ್ಬಕ್ಕಿಗಳ ಹಿಂಡು ಹುಳ ಹೆಕ್ಕುತ್ತ ಬರುತ್ತಿತ್ತು. ಎಣಿಸಲು ಹೋದರೆ ಲೆಕ್ಕ ತಪ್ಪುತ್ತಿತ್ತು. ಈಗ ದಿನಾ ಬೆಳಿಗ್ಗೆ ಕಾಫಿ ಹಿಡಿದು ಎಣಿಸುತ್ತೇನೆ, ತಪ್ಪುವ ಮಾತೇ ಇಲ್ಲ. ನಮ್ಮ ರಸ್ತೆಗೆಲ್ಲ ಸೇರಿ ಎರಡು.

ಹೋದ ವರ್ಷ ಅವುಗಳಿಗೆ ಮರಿಯಾಗಿತ್ತು. ಅದೇ ವಾರ ನಿಂಬೆ ಗಿಡಕ್ಕೂ ಕರಿಬೇವಿಗೂ ಹಸಿರು ಹುಳ ಹತ್ತಿತು. ಹುಳ ಕಂಡರೆ ಔಷಧಿ ಹೊಡೆಯುವುದು ಬೇಸಾಯದವರ ಕೈಗೆ ಅಂಟಿದ ರೋಗ. ಹೊಲ ಹೋಗಿ ಮೂವತ್ತು ವರ್ಷವಾದರೂ ಔಷಧಿ ಹೊಡೆಯುವ ಕ್ಯಾನು ನಮ್ಮ ಮೆಟ್ಟಿಲ ಕೆಳಗೆ ಭದ್ರವಾಗಿತ್ತು. ಬೆನ್ನಿಗೆ ಹಾಕಿಕೊಂಡು ಹೊಡೆದೇ ಹೊಡೆದೆ. ತಾಯಿ ಹಕ್ಕಿ ಆ ಗಿಡಗಳಿಂದಲೇ ಹುಳ ಒಯ್ಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ, ಆದರೂ ಹೊಳೆಯಲಿಲ್ಲ. ಮೂರನೇ ದಿನ ಮರದ ಬುಡದಲ್ಲಿ ಎರಡು ಮರಿ ಸತ್ತು ಬಿದ್ದಿದ್ದವು. ಔಷಧಿಯಿಂದಲೇ ಸತ್ತವು ಎಂದು ಯಾರೂ ನನಗೆ ಹೇಳಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಕ್ಯಾನನ್ನು ಗುಜರಿಗೆ ಕೊಟ್ಟೆ. ರಂಗೋಲಿಗೆಂದು ಅಂಗಳಕ್ಕೆಲ್ಲ ಹಾಕಿಸಿದ್ದ ಸಿಮೆಂಟನ್ನು ಅರ್ಧ ಒಡೆಸಿ ಮಣ್ಣು ಬಿಡಿಸಿದೆ. ಉದುರಿದ ಎಲೆ ಗುಡಿಸುವುದನ್ನು ನಿಲ್ಲಿಸಿದೆ. ಮಣ್ಣಿನ ಬಾನಿಯಲ್ಲಿ ನೀರಿಟ್ಟೆ. ಕರಿಬೇವನ್ನು ಹುಳಗಳಿಗೆ ಬಿಟ್ಟು, ಒಗ್ಗರಣೆಗೆ ತಳ್ಳುಗಾಡಿಯಿಂದ ಕೊಂಡೆ. ಮೊದಲ ಮಹಡಿಯಲ್ಲಿರುವ ಮೈದುನ ನಕ್ಕ, ನಗಲಿ. ಈ ವರ್ಷ ಅದೇ ಪೊಟರೆಯಲ್ಲಿ ಮತ್ತೆ ಮರಿಗಳ ದನಿ ಕೇಳಿದಾಗ ನನಗಿದ್ದದ್ದು ಒಂದೇ ಹಟ: ಈ ಸಲ ಇವು ಹಾರಬೇಕು.

ಅಷ್ಟರಲ್ಲಿ ಮೈದುನನ ಮಗಳ ಮದುವೆ ಬಂತು. ಮದುವೆ ಛತ್ರದಲ್ಲಾದರೂ ಮನೆ ಮುಂದೆ ಹನ್ನೆರಡು ಕಂಬದ ಚಪ್ಪರ ಹಾಕಲೇಬೇಕು. ಚಪ್ಪರಕ್ಕೆ ಎರಡು ದಿನವಿರುವಾಗ ಮರ ಕಡಿಯುವವನು ಹಗ್ಗ, ಮಚ್ಚು ಸಮೇತ ಗೇಟಿನಲ್ಲಿ ನಿಂತಿದ್ದ. ಮೈದುನ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

"ಸುಳಿ ಸತ್ತಿರೋ ಮರ ಬಾಗಿಲಲ್ಲಿ ಇಟ್ಕೊಂಡು ಶುಭಕಾರ್ಯ ಮಾಡೋಕಾಗುತ್ತಾ ಅತ್ತಿಗೆ? ನಾಳೆ ಹುಡುಗಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಒಳಗೆ ಮರಿ ಇದಾವೆ. ಹತ್ತು ದಿನ ತಡ್ಕೋ."

"ಮುಹೂರ್ತ ತಡ್ಕೊಳುತ್ತಾ?"

ಮರ ಕಡಿಯುವವನು, "ನೀವ್‌ ನೀವೇ ತೀರ್ಮಾನ ಮಾಡ್ಕಳಿ ಸಾರ್" ಎಂದು ಕಾಂಪೌಂಡಿಗೆ ಒರಗಿ ಬೀಡಿ ಹಚ್ಚಿದ.

ನನಗೆ ಸಿಟ್ಟು ನೆತ್ತಿಗೇರಿತು. "ಚಪ್ಪರಕ್ಕೆ ತರಿಸಿರೋ ಬೊಂಬು ಏನು ಚಿಗುರಿ ನಿಂತಿದಾವಾ? ಅವೂ ಒಣಗಿದ್ದೇ ತಾನೆ? ಹನ್ನೊಂದು ನೆಡಿಸು. ಹನ್ನೆರಡನೇದು ಇದೇ" ಎಂದೆ. ಒಳಗೆ ಹೋಗಿ ಅರಿಶಿನ, ಕುಂಕುಮ ತಂದು ಕಾಂಡಕ್ಕೆ ಬಳಿದೆ. ತೋರಣಕ್ಕೆಂದು ತಂದಿಟ್ಟಿದ್ದ ಮಾವಿನ ಸೊಪ್ಪಿನಲ್ಲಿ ಒಂದು ಕೊಂಬೆ ಎಳೆದು ಸುತ್ತ ಕಟ್ಟಿದೆ. ಪೂಜೆಯಾದ ಚಪ್ಪರದ ಕಂಬವನ್ನು ಮದುವೆ ಮುಗಿಯುವವರೆಗೆ ನಮ್ಮಲ್ಲಿ ಯಾರೂ ಅಲುಗಾಡಿಸುವುದಿಲ್ಲ. ಅದು ಮೈದುನನಿಗೂ ಗೊತ್ತು.

"ಅತ್ತಿಗೆ, ನೀವ್ಯಾಕೆ ಮುಟ್ಟೋಕೆ..." ಎಂದವನು ಉಳಿದದ್ದನ್ನು ನುಂಗಿಕೊಂಡ.

ನುಂಗಿದ್ದು ಏನೆಂದು ಗೊತ್ತು. ನನ್ನ ಯಜಮಾನರು ತೀರಿಕೊಂಡು ಎಂಟು ವರ್ಷ. ಗಂಡ ಸತ್ತವಳು ಚಪ್ಪರದ ಕಂಬ ಮುಟ್ಟಬಾರದು. ಈ ಎಂಟು ವರ್ಷ ಯಾವ ಮದುವೆಗೆ ಹೋದರೂ ನಾನಾಗಿಯೇ ಹಿಂದಿನ ಸಾಲು ಸೇರುತ್ತಿದ್ದೆ, ಯಾರಿಂದಲೂ ಹೇಳಿಸಿಕೊಳ್ಳುತ್ತಿರಲಿಲ್ಲ. ಮರದ ಬಗ್ಗೆ ಅವನು ಆಡಿದ್ದಕ್ಕೂ ನನ್ನ ಬಗ್ಗೆ ಆಡದೆ ಬಿಟ್ಟಿದ್ದಕ್ಕೂ ಏನೂ ವ್ಯತ್ಯಾಸವಿಲ್ಲ ಅಂತ ಅವತ್ತು, ಅರಿಶಿನದ ಕೈಯಲ್ಲಿ ನಿಂತಾಗ ಅನ್ನಿಸಿತು. ಕೈ ಒರೆಸಿಕೊಳ್ಳಲಿಲ್ಲ.

"ಅರಿಶಿನ ಬಿದ್ದ ಮೇಲೆ ನಾನಂತೂ ಕತ್ತಿ ಇಡಲ್ಲ ಸಾರ್" ಎಂದು ಮರ ಕಡಿಯುವವನು ಹಗ್ಗ ಸುತ್ತಿಕೊಂಡು ಹೊರಟೇಬಿಟ್ಟ. ಮೈದುನ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಓರಗಿತ್ತಿ ಮಾತಾಡಿದಳು, ಪಾತ್ರೆಗಳ ಜೊತೆ, ನನಗೆ ಕೇಳುವ ಹಾಗೆ.

ಮರಿಗಳು ಹಾರಿದವು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮದುವೆ ಕಳೆದ ಐದನೇ ದಿನ ಹೊರಬಂದು ನಿಂಬೆ ಗಿಡದ ಮೇಲೆ ಸಾಲಾಗಿ ಕೂತವು, ಮೂರು. ಎರಡು ಸಲ ಎಣಿಸಿದೆ. ಹುಡುಗಿಯೂ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ, ನನಗೆ ದಿನ ಬಿಟ್ಟು ದಿನ ಫೋನ್ ಮಾಡುತ್ತಾಳೆ.

ಚಪ್ಪರದ ದಿನ ಮಾತ್ರ ನನ್ನ ಜೀವ ಕೈಯಲ್ಲಿತ್ತು. ಪೊಟರೆಯ ಎದುರು ಬಟ್ಟೆ ಕಟ್ಟದಂತೆ ಚಪ್ಪರದವರಿಗೆ ಹೇಳಿ ಒಂದು ಬದಿ ತೆರೆದೇ ಬಿಡಿಸಿದ್ದೆ. ಆದರೆ ಜನಕ್ಕೆ ಯಾರು ಹೇಳುತ್ತಾರೆ? ಕಂಬಗಳಿಗೆ ಹಾಲು ಎರೆಯಲು ಮುತ್ತೈದೆಯರೆಲ್ಲ ಬಂದು ಸರಿಯಾಗಿ ಆ ತೆರಪಿನಲ್ಲೇ ಗುಂಪುಗೂಡಿದರು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹಸಿರು ಹುಳ ಹಿಡಿದು ಕೇಬಲ್ ತಂತಿಯ ಮೇಲೆ ಕೂತಿತ್ತು. ಇಳಿಯಲು ನೋಡುವುದು, ಹೆದರಿ ವಾಪಸು ಹೋಗುವುದು. ಅರ್ಧ ಗಂಟೆಯಾಯಿತು. ಒಳಗೆ ಕೂಗಿ ಕೂಗಿ ಮರಿಗಳ ದನಿ ಸಣ್ಣಗಾಗುತ್ತಿತ್ತು. ನಾನು ನುಗ್ಗಿಕೊಂಡು ಹೋಗಿ ಕಾಂಡದ ಪಕ್ಕ ನಿಂತೆ.

ಓರಗಿತ್ತಿಯ ತಾಯಿ ಹಾಲಿನ ಚೊಂಬು ಹಿಡಿದಿದ್ದರು. ಮೆತ್ತಗೆ ನನ್ನ ಮೊಣಕೈ ಮುಟ್ಟಿದರು. "ಸ್ವಲ್ಪ ಹಿಂದಕ್ಕೆ ನಿಂತ್ಕೋಮ್ಮ. ಹಾಲೆರೆಯೋ ಹೊತ್ತು."

ಎಲ್ಲರೂ ನನ್ನನ್ನೇ ನೋಡಿದರು.

"ನಾನು ಹಿಂದಕ್ಕೆ ಹೋಗಲ್ಲ" ಎಂದೆ. "ನೀವೆಲ್ಲ ಸ್ವಲ್ಪ ಹಿಂದಕ್ಕೆ ಸರೀರಿ. ಹಕ್ಕಿ ಒಳಗೆ ಹೋಗ್ಬೇಕು."

ಯಾರೋ ತಲೆಯೆತ್ತಿ ತಂತಿ ನೋಡಿದರು. ಆಮೇಲೆ ಇನ್ನೊಬ್ಬರು. ರೇಷ್ಮೆ ಸೀರೆಗಳು ಸರಬರ ಎಂದವು. ಹಾಲಿನ ಚೊಂಬು ಹಿಡಿದವರೂ ಸೇರಿ ಅಷ್ಟೂ ಮುತ್ತೈದೆಯರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಕಬ್ಬಕ್ಕಿ ನನ್ನ ತಲೆಯ ಮೇಲಿಂದಲೇ ಹಾರಿ ಒಳಗೆ ಹೋಯಿತು. ಮುಂದೆ ಉಳಿದವಳು ನಾನೊಬ್ಬಳೇ.