ಅತ್ತೆ ಕೂಡಿಸಿದ ಪಾಯಿಂಟು

ನಾನು ಫೋನಿನಲ್ಲಿ ಓದುತ್ತಿದ್ದ ಕಾದಂಬರಿಯ ಪ್ರತಿ ಅಧ್ಯಾಯ ತೆರೆಯಲೂ ಪಾಯಿಂಟ್ ಬೇಕಿತ್ತು. ಜಾಹೀರಾತು ಕೊನೆಯವರೆಗೆ ನೋಡಿದರೆ ಪಾಯಿಂಟ್ ಪುಕ್ಕಟೆ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟುವಂತಿಲ್ಲವಲ್ಲ, ಆ ಕೆಲಸವನ್ನು ಅತ್ತೆಗೆ ವಹಿಸಿದೆ. ಕತೆ ಓದುವ ಸೊಸೆಯನ್ನು ಕಂಡರೆ ಮೂಗು ಮುರಿಯುತ್ತಿದ್ದ ಅವರು ಜಾಹೀರಾತನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸೀರೆಯದು ಬಂದರೆ ಜರಿ ನಕಲಿಯೆಂದು ಬೈಯುತ್ತಲೂ ಇದ್ದರು.

ಮೊನ್ನೆ ಇಬ್ಬರೂ ಒಂದು ಮದುವೆಗೆಂದು ವಿದ್ಯಾನಗರದ ಮನೆಯಿಂದ ಹೊರಟು ಹರಿಹರದ ಬಸ್ ಹತ್ತಿದೆವು. ಸೀಟು ಸಿಕ್ಕ ಖುಷಿಯಲ್ಲಿ ಫೋನ್ ತೆರೆದರೆ ಕೂಡಿಟ್ಟ ಪಾಯಿಂಟೆಲ್ಲ ಖಾಲಿ! ಆ ಆಪ್ ಮಾಡಿದವರ ಜನ್ಮ ಜಾಲಾಡತೊಡಗಿದೆ.

“ಅವರನ್ನ ಯಾಕ ಬೈತೀಯ? ಕತೆ ಚಲೋ ಐತೆ ಅಂತ ಆ ಪಾಯಿಂಟ್ ಹಾಕಿ ನಾನೇ ಓದಿ ಮುಗಿಸೀನಿ,” ಎಂದರು ಪಕ್ಕದಲ್ಲಿದ್ದ ಅತ್ತೆ. “ಆ ಹುಡುಗಿ ಅತ್ತೆ ಕಾಟ ತಡೀಲಾರದೆ ಮನೆ ಬಿಟ್ಟು ಹೋಗ್ತಾಳೆ.”

ಕೊನೆಯನ್ನೂ ಹೇಳಿಬಿಟ್ಟರಲ್ಲ ಎಂದು ನಾನು ಸಿಡುಕುವ ಮೊದಲೇ ಮತ್ತೆ ಹೇಳಿದರು: “ಆ ಅತ್ತೆ ಕೈಗೂ ಬೆಳಿಗ್ಗೆ ಒಂದು ಫೋನ್ ಕೊಟ್ಟಿದ್ರೆ ಸುಮ್ನೆ ಕೂತಿರ್ತಿದ್ಲು, ನೋಡು.”