ಮನೆಯಲ್ಲಿ ಯಾರೂ ಅನ್ನದ ಹೆಸರು

ನಮ್ಮ ಮಾವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು, ಸೊಸೆ ಮಾವನ ಹೆಸರು ಹೇಳಬಾರದು. ವಿಜಯಪುರದ ಕಡೆಯಿಂದ ಗೋವೆಗೆ ದುಡಿಯಲು ಬರುವಾಗ ರೊಟ್ಟಿಯ ಹಂಚಿನ ಜೊತೆ ಈ ಪದ್ಧತಿಯನ್ನೂ ಗಂಟು ಕಟ್ಟಿಕೊಂಡು ಬಂದವರು ನಾವು. ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದಂತೆ. ಇದೆಲ್ಲ ಸುಳ್ಳು ಎಂದು ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. ಆದರೆ ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಕಾರ್ಡು ಮುಂದೆ ಹಿಡಿದು, "ಅದರಾಗ ಐತಿ, ನೋಡ್ಕೊರ್ರಿ" ಅನ್ನುವವಳೂ ನಾನೇ.

ಮಾವ ಮುರ್ಮುಗಾಂವ್ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡಿದವರು. ಸಂಜೆ ಮನೆಗೆ ಬಂದರೆ ಹುಬ್ಬಿನ ಕೂದಲೂ ಅದಿರಿನ ಧೂಳಿಗೆ ಕೆಂಪಾಗಿರುತ್ತಿತ್ತು. ಸ್ನಾನ ಮುಗಿಸಿ ಏಕತಾರಿ ಹಿಡಿದು ಕೂತರೆಂದರೆ ತತ್ವಪದ ಹಾಡಿದ್ದೇ ಹಾಡಿದ್ದು. ಕೆಲಸ ಬಿಟ್ಟ ಮೇಲೆ ವಾಸ್ಕೋದ ಅಂಗಡಿಯಲ್ಲಿ ಒಂದು ಹಳೆಯ ಟ್ಯಾಬ್ ಕೊಂಡು ತಂದರು. ಅದನ್ನು ನೀರಿನ ಕೊಡಕ್ಕೆ ಆನಿಸಿ ನಿಲ್ಲಿಸಿ, ವಿಡಿಯೋ ಚಾಲೂ ಮಾಡಿ ಅದರ ಮುಂದೆ ಹಾಡುತ್ತಿದ್ದರು.

"ತಮ್ಮ ಮಾರಿ ತಾವ ನೋಡ್ಕೊಂತ ಹಾಡೋದು ಭಾಳ ಚಂದ ಬಿಡ್ರಿ ಮಾವಾ" ಎಂದು ನಾನು ಕಾಡಿಸಿದರೆ ಅವರು ನಗುತ್ತಿದ್ದರು. "ಮಾರಿ ನೋಡಾಕಲ್ಲವ್ವಾ. ತಾಳ ಎಲ್ಲಿ ತಪ್ಪಿತಂತ ಗೊತ್ತಾಗಬೇಕಲ್ಲ."

ಅವರು ತೀರಿಕೊಂಡ ಮೇಲೆ ಆ ಟ್ಯಾಬ್ ಅತ್ತೆಯದಾಯಿತು. ಅತ್ತೆಗೆ ಓದು ಬರಹ ಬಾರದು. ಹಾಡು ಎಲ್ಲಿವೆ, ಎಲ್ಲಿ ಒತ್ತಬೇಕು ಎಂಬುದಷ್ಟೇ ಗೊತ್ತು. ದಿನಾ ಸಂಜೆ ದೀಪ ಹಚ್ಚಿ, ಅದೇ ಕೊಡಕ್ಕೆ ಟ್ಯಾಬ್ ಆನಿಸಿ, ಎದುರಿಗೆ ಕೂತು ಕೇಳುತ್ತಿದ್ದರು. ಹಾಡು ಮುಗಿಯುವ ತನಕ ನಮ್ಮ ಖೋಲಿಯಲ್ಲಿ ಪಾತ್ರೆಯ ಸದ್ದೂ ಆಗುವಂತಿರಲಿಲ್ಲ.

ಬರಬರುತ್ತ ಟ್ಯಾಬಿಗೆ ಹುಚ್ಚು ಹಿಡಿಯಿತು. ಹಾಡು ಒತ್ತಿದರೆ ಜಾಹೀರಾತು ಬರುವುದು, ಜಾಹೀರಾತು ಮುಚ್ಚಿದರೆ ಇನ್ನೊಂದು ತೆರೆಯುವುದು, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಕೊನೆಗೆ ಒಂದು ದಿನ ಹಾಡುಗಳಿದ್ದ ಜಾಗದಲ್ಲೆಲ್ಲ ಬೂದು ಬಣ್ಣದ ಚೌಕಗಳಷ್ಟೇ ಉಳಿದವು. ಜ್ವರ ಬಂದ ಕೂಸನ್ನು ತರುವಂತೆ ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಳಿ ಬಂದರು.

"ಯವ್ವಾ, ಇದು ಅವರನ್ನ ತೋರಸವಲ್ದು" ಎಂದರು.

ಮರುದಿನ ಇಬ್ಬರೂ ವಾಸ್ಕೋದ ಬಜಾರಿನಲ್ಲಿ ಮೊಬೈಲ್ ರಿಪೇರಿ ಮಾಡುವವನ ಹತ್ತಿರ ಹೋದೆವು. ಅವನು ಗೋವೆಯವನೇ. ಬಂದರಿನ ನಮ್ಮ ಮಂದಿಯ ಫೋನು ರಿಪೇರಿ ಮಾಡುತ್ತ ಮಾಡುತ್ತ ನಮ್ಮ ಕನ್ನಡ ಕಲಿತಿದ್ದ. ಟ್ಯಾಬನ್ನು ತಿರುವಿ ಮುರುವಿ ನೋಡಿ ಹೇಳಿದ, "ವೈನಿ, ಇದಕ್ಕ ರಿಸೆಟ್ ಮಾಡಬೇಕು. ಎಲ್ಲಾ ಅಳಿಸಿ ಹೋಗತೈತಿ. ಕಂಪನಿಯಿಂದ ಬಂದಾಗ ಹ್ಯಾಂಗಿತ್ತು, ಹಂಗ ಆಗತೈತಿ."

"ಹಾಡು ಹೋದ್ರ ನಮಗ ಈ ತಗಡ ತಗೊಂಡು ಏನ ಮಾಡೋದೈತಿ?" ಎಂದು ನಾನು ರೇಗಿದೆ.

"ಹಾಡು ಇದರಾಗ ಇಲ್ಲ ವೈನಿ. ಜಾಗ ಸಾಲದ ಎಲ್ಲಾ ಅಕೌಂಟಿಗೆ ಹೋಗ್ಯಾವ. ಈಗ ಆ ಅಕೌಂಟ್ ಬಂದ್ ಆಗೇತಿ, ಪಾಸ್‌ವರ್ಡ್ ಕೇಳಾಕತ್ತೈತಿ. ಅದು ಗೊತ್ತಿದ್ರ ಹಾಡೆಲ್ಲಾ ವಾಪಸ್ ಬರತಾವ. ಗೊತ್ತಿಲ್ಲ ತೋ ರಿಸೆಟ್ ಮಾಡಬ್ಯಾಡ. ಒರೆಸಿದ ಮ್ಯಾಲೂ ಇದು ಮೊದಲ ಅದನ್ನ ಕೇಳತೈತಿ. ಕಳ್ಳರು ಕದ್ದು, ಒರೆಸಿ, ಮಾರಬಾರದಂತ ಹಂಗ ಮಾಡಿಟ್ಟಾರ."

ನಾನು ದಂಗಾದೆ. ಮೈಮೇಲಿನದೆಲ್ಲ ಒರೆಸಿ ಹಾಕಿದರೂ ತನ್ನ ಯಜಮಾನ ಯಾರು ಎಂಬುದೊಂದನ್ನು ಮರೆಯುವುದಿಲ್ಲವೆಂದರೆ ಇದೆಂಥ ಯಂತ್ರ. ಮನುಷ್ಯರಲ್ಲಿ ಇಷ್ಟು ನಿಯತ್ತು ನಾನು ಕಂಡಿಲ್ಲ.

ಪಾಸ್‌ವರ್ಡ್ ಮರೆತರೆ ಅವರ ಫೋನ್ ನಂಬರಿಗೆ ಸಂದೇಶ ಬರುತ್ತದೆ, ಆ ನಂಬರ್ ಎಲ್ಲಿ ಎಂದು ಅವನು ಕೇಳಿದ. ಅದು ಎಲ್ಲಿಂದ ಬರಬೇಕು? ಊರಲ್ಲಿ ಮಾವನ ಬಟ್ಟೆ, ಕೊಡೆ, ಚಪ್ಪಲಿ ದಾನ ಕೊಡುವಾಗ ಸತ್ತವರ ವಸ್ತು ಇಟ್ಟುಕೊಳ್ಳಬಾರದೆಂದು ಫೋನನ್ನೂ ಸಿಮ್ಮಿನ ಸಮೇತ ಅದರೊಳಗೆ ಇಟ್ಟು ಕೈ ಮುಗಿದಿದ್ದೆವು. ಆ ನಂಬರ್ ಯಾವತ್ತೋ ಬಂದ್ ಆಗಿತ್ತು. ಅಂಗಡಿಯವನು ಹಣೆ ಹಣೆ ಬಡಿದುಕೊಂಡ.

ನಾನು ಟ್ಯಾಬನ್ನು ಎಳೆದುಕೊಂಡು ಮಾವನ ಆಧಾರ್ ಕಾರ್ಡಿನ ಹೆಸರು ಒತ್ತಿದೆ. ಬರೆಯುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ ಎಂದು ನನ್ನ ಮನಸ್ಸಿಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ತಪ್ಪು ಎಂದಿತು. ಊರಿನ ಹೆಸರು ಹಾಕಿದೆ, ಮನೆದೇವರ ಹೆಸರು ಹಾಕಿದೆ. ಎಲ್ಲ ತಪ್ಪು. ಅಂಗಡಿಯವನು ಟ್ಯಾಬನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಬಸ್ ವೈನಿ. ಹಿಂಗ ತಪ್ಪು ಹಾಕ್ಕೊಂತ ಹ್ವಾದ್ರ ಅದು ಬಾಗಲಾ ಹಾಕ್ಕೊಂತೈತಿ."

ಅತ್ತೆ ಸ್ಟೂಲಿನ ಮೇಲೆ ಕೂತು ರಸ್ತೆಯ ಕಡೆ ನೋಡುತ್ತಿದ್ದರು. ಗೊತ್ತಿರುವುದನ್ನು ಹೇಳಲು ಮನಸ್ಸಿಲ್ಲದಾಗ ಅವರು ಹೀಗೇ ಬೇರೆ ಕಡೆ ನೋಡುತ್ತಾರೆ. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತೀ, ನಿಮಗ ಗೊತ್ತೈತಿ ಹೌದಲ್ರಿ? ಹಿಂಗ ಬಾಯಿಗೆ ಬೀಗ ಹಾಕ್ಕೊಂಡು ಕುಂತ್ರ ಹ್ಯಾಂಗ?"

ಆಗ ಅವರು ಬಾಯಿಬಿಟ್ಟರು. ಟ್ಯಾಬ್ ಕೊಂಡ ದಿನ ಅವರೂ ಜೊತೆಗಿದ್ದರಂತೆ. ನೀವು ಮರೆಯಬಾರದು, ಬೇರೆಯವರ ಬಾಯಲ್ಲಿ ಬರಬಾರದು, ಅಂಥದ್ದೊಂದು ಪಾಸ್‌ವರ್ಡ್ ಹೇಳಿ ಎಂದು ಮಾರುವವನು ಕೇಳಿದನಂತೆ. ಮಾವ ಜೋರಾಗಿ ನಕ್ಕು, "ಹಂಗಾರ ನನ್ನ ಹೆಸರ ಹಾಕ್ರಿ. ನಮ್ಮ ಮನ್ಯಾಗ ಅದನ್ನ ಯಾರೂ ಅನ್ನಂಗಿಲ್ಲ" ಎಂದರಂತೆ.

"ಹೆಸರು ಹಾಕಿ ನೋಡಿದ್ನೆಲ್ರಿ, ಹತ್ತಲಿಲ್ಲ."

"ಕಾರ್ಡಿನ್ಯಾಗಿಂದಲ್ಲ. ಅವರವ್ವ ಕರೀತಿದ್ಲಲ್ಲ, ಆ ಹೆಸರು. ಅದರ ಹಿಂದ ನಮ್ಮ ಖೋಲಿ ನಂಬರ."

ಆ ಹೆಸರು ನನಗೆ ಗೊತ್ತಿಲ್ಲ. ಮಾವನ ತಾಯಿಯನ್ನು ನಾನು ನೋಡಿಯೇ ಇಲ್ಲ. ಬಂದರಿನಲ್ಲಿ ಕೆಲಸದ ಮೇಲಿದ್ದ ನನ್ನ ಗಂಡನಿಗೆ ಫೋನ್ ಹಚ್ಚಿ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಅವರು ಹುಟ್ಟುವ ಮೊದಲೇ ಅಜ್ಜಿ ಹೋಗಿಬಿಟ್ಟಿದ್ದಳು. ಈ ಭೂಮಿಯ ಮೇಲೆ ಆ ಹೆಸರು ಉಳಿದಿದ್ದದ್ದು ಒಬ್ಬರ ತಲೆಯಲ್ಲಿ ಮಾತ್ರ, ಅವರಿಗೆ ಬರೆಯಲು ಬಾರದು, ಹೇಳಲು ಬಾಯಿ ಬಾರದು.

ನಮ್ಮ ಕಡೆ ಇದಕ್ಕೊಂದು ದಾರಿ ಇದೆ. ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪು ಹಾಕಿ ಹೇಳುತ್ತಾರೆ. ಪ್ರಾಸ ಕಟ್ಟಿದ ಸಣ್ಣ ಪದ್ಯ, ಅದರ ತುದಿಗೆ ಹೆಸರು. ಹಾಗೆ ಹೇಳಿದರೆ ದೋಷವಿಲ್ಲ. "ಒಡಪು ಹಾಕಿ ಹೇಳಿಬಿಡ್ರಿ ಅತ್ತೀ" ಎಂದೆ.

ಅತ್ತೆ ತಲೆ ಅಲ್ಲಾಡಿಸಿದರು. "ಒಡಪು ಮುತ್ತೈದೇರು ಹಾಕೋದವ್ವಾ. ನನಗೀಗ ಅದೂ ಇಲ್ಲ."

ಕುಂಕುಮ ಹೋಗಿದ್ದು, ಬಳೆ ಹೋಗಿದ್ದು ಕಣ್ಣಿಗೆ ಕಂಡಿತ್ತು. ಗಂಡನ ಹೆಸರು ಹೇಳಲು ಇದ್ದ ಒಂದೇ ಬಾಗಿಲೂ ಅದರ ಜೊತೆ ಮುಚ್ಚಿತ್ತೆಂದು ನನಗೆ ಹೊಳೆದಿರಲಿಲ್ಲ. ನಾನು ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಸಿಟ್ಟೆಲ್ಲ ಇಳಿದುಹೋಗಿತ್ತು.

"ಅವರ ಆಯುಷ್ಯ ಇನ್ನ ಕಡಿಮಿ ಆಗಾಕ ಎಲ್ಲೈತ್ರಿ ಅತ್ತೀ? ನೀವು ಹೇಳಲಿಲ್ಲಂದ್ರ ಅವರ ಹಾಡೂ ಹೊಕ್ಕೈತಿ."

ಅಂಗಡಿಯವನಿಗೆ ಏನು ಅರ್ಥವಾಯಿತೋ, ಹಚ್ಚಿಟ್ಟಿದ್ದ ರೇಡಿಯೋ ಆರಿಸಿದ. ಅತ್ತೆ ಸೆರಗು ತಲೆಯ ಮೇಲೆಳೆದುಕೊಂಡು, ಕಣ್ಣು ಮುಚ್ಚಿ, ಚಾರ್ಜರು ಇಯರ್‌ಫೋನುಗಳ ನಡುವೆ ಕೂತು, ನಾನು ಅಲ್ಲಿಯವರೆಗೆ ಕೇಳದಿದ್ದ ಒಡಪು ಹಾಕಿದರು.

"ಬಂದರದಾಗ ಹಡಗ ನಿಂತಾವ ಸಾಲಕ್ಕ,
ಬೈಗಾದ್ರ ಬರತಿದ್ರು ನಮ್ಮ ಬಾಗಲಕ್ಕ,
ಯಾರ ಏನ ಅಂದ್ರೂ ಅನ್ಲಿ, ಹೆಸರ ಹೇಳತೇನಿ ಈ ವ್ಯಾಳ್ಯಾಕ್ಕ."

ಆಮೇಲೆ ಹೆಸರು. ಇಷ್ಟೇ ಇಷ್ಟು ಹೆಸರು, ತೊಡೆಯ ಮೇಲೆ ಮಲಗಿಸಿಕೊಂಡ ಮಗುವನ್ನು ಕರೆಯುವಂಥದ್ದು. ಧೂಳು ಮೆತ್ತಿಕೊಂಡು ಬರುತ್ತಿದ್ದ ಆ ದೊಡ್ಡ ಮನುಷ್ಯನೊಳಗೆ ಇದೊಂದು ಇತ್ತೆಂದು ನನಗೆ ನಂಬಲಾಗಲಿಲ್ಲ. ಒಂದೊಂದೇ ಅಕ್ಷರ ಒತ್ತಿ, ಹಿಂದೆ ಖೋಲಿ ನಂಬರ್ ಹಾಕಿದೆ. ಟ್ಯಾಬ್ ಯೋಚನೆ ಮಾಡುತ್ತ ಕೂತಿತು. ಆಮೇಲೆ ಬೂದು ಚೌಕಗಳಿಗೆ ಒಂದೊಂದಾಗಿ ಬಣ್ಣ ಬಂತು. ಒಂದರಲ್ಲಿ ಏಕತಾರಿ, ಒಂದರಲ್ಲಿ ಮಾವನ ಅರ್ಧ ಮುಖ, ಒಂದರಲ್ಲಿ ಬರೀ ಅವರ ಹೆಗಲು ಮತ್ತು ನಮ್ಮ ಖೋಲಿಯ ನೀಲಿ ಗೋಡೆ.

ಜಾಹೀರಾತಿನ ಹುಚ್ಚು ಬಿಡಿಸಲು ರಿಸೆಟ್ ಮಾಡಲೇಬೇಕಿತ್ತು, ಆದರೂ ಅಂಗಡಿಯವನು ಅವಸರ ಮಾಡಲಿಲ್ಲ. ಹಾಡುಗಳನ್ನು ಅಲ್ಲಲ್ಲಿ ಹಚ್ಚಿ, ಪೂರಾ ಇವೆಯೇ ಎಂದು ನೋಡಿದ. ಟ್ಯಾಬಿನೊಳಗಿದ್ದ ಮೆಮರಿ ಕಾರ್ಡೂ ಅಳಿಸಿ ಹೋಗಬಾರದೆಂದು ಹೊರಗೆ ತೆಗೆದು ಅತ್ತೆಯ ಕೈಗೆ ಕೊಟ್ಟ. ನಡುವೆ ಬ್ಯಾಟರಿ ಕೈಕೊಡಬಾರದೆಂದು ಚಾರ್ಜರ್ ಸಿಕ್ಕಿಸಿದ. ಕೊನೆಯ ಗುಂಡಿ ಒತ್ತುವ ಮೊದಲು ಅತ್ತೆಯನ್ನೇ ಕೇಳಿದ, "ಅಮ್ಮಾ, ಒರೆಸಲೇನ್ರಿ?"

"ಒರೆಸ್ರಿ" ಎಂದರು ಅತ್ತೆ. ಎಂದವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ.

ಪರದೆ ಕಪ್ಪಾಯಿತು. ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಬೆಳಕು ಮೂಡಿ, ಯಾವ ಭಾಷೆ ಬೇಕು ಎಂದು ಕೇಳುತ್ತ ಎದ್ದಿತು, ಹೊಚ್ಚ ಹೊಸದಾಗಿ. ಅದಕ್ಕೆ ಈಗ ನಾವು ಯಾರೂ ಗೊತ್ತಿಲ್ಲ. ಇಷ್ಟು ದಿನ ತನ್ನ ಮುಂದೆ ಕೂತು ಹಾಡಿದವರೂ ಗೊತ್ತಿಲ್ಲ. ಅಂಗಡಿಯವನು ಹೇಳಿದ್ದಂತೆಯೇ ಹಳೆಯ ಅಕೌಂಟು ತೋರಿಸು ಎಂದಿತು.

ಈಗ ಪಾಸ್‌ವರ್ಡ್ ನನಗೆ ಗೊತ್ತಿತ್ತು, ಅತ್ತೆ ಮತ್ತೆ ಹೇಳುವ ಅಗತ್ಯವೇ ಇರಲಿಲ್ಲ. ಆದರೂ ನಾನು ಬೆರಳು ಇಡುವ ಮೊದಲೇ ಅವರು ಆ ಹೆಸರು ಹೇಳಿದರು. ಒಡಪಿಲ್ಲದೆ, ಕಣ್ಣು ತೆರೆದುಕೊಂಡು, ಪರದೆಯನ್ನೇ ನೋಡುತ್ತ. ನಾನು ಅವರ ಮುಖ ನೋಡುತ್ತ ಕೂತೆ. ಈ ಹೆಂಗಸಿನ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡಿದ್ದೂ ಅವರು ಯಾರೆಂದು ನನಗೆ ಗೊತ್ತಿರಲಿಲ್ಲ ಅನಿಸಿತು.

ಹಾಡುಗಳು ಬಂದವು. ಈ ಸಲ ಎಲ್ಲಕ್ಕಿಂತ ಹಳೆಯದು ಮೇಲೆ ಬಂದಿತ್ತು, ನಾವು ಯಾರೂ ನೋಡದಿದ್ದ ವಿಡಿಯೋ. ಅತ್ತೆ ಊರಿಗೆ ಹೋಗಿದ್ದಾಗಿನದು ಇರಬೇಕು, ಹಿಂದಿನ ಗೂಟದಲ್ಲಿ ಅವರ ಚೀಲ ಇರಲಿಲ್ಲ. ಮಾವ ಟ್ಯಾಬನ್ನು ಕೊಡಕ್ಕೆ ಆನಿಸಿ ಹಿಂದೆ ಸರಿದು ಕೂರುತ್ತಾರೆ. ಬಾಗಿಲ ಕಡೆ ನೋಡುತ್ತಾರೆ, ಯಾರೂ ಇಲ್ಲ. ಏಕತಾರಿಯನ್ನು ಪಕ್ಕಕ್ಕಿಟ್ಟು, ದನಿ ಸಣ್ಣದು ಮಾಡಿ, ಒಂದು ಹೆಸರು ಕರೆಯುತ್ತಾರೆ. ಹೇಗೆ ಕೇಳಿಸುತ್ತದೋ ನೋಡೋಣವೆಂಬಂತೆ ಮತ್ತೊಮ್ಮೆ ಕರೆಯುತ್ತಾರೆ. ಆಮೇಲೆ ನಾಚಿಕೊಂಡು ನಗುತ್ತಾರೆ.

ರೇಷನ್ ಕಾರ್ಡಿನಲ್ಲಿ ಮಾತ್ರ ಇರುವ ಅತ್ತೆಯ ಹೆಸರು ಅದು. ಜೀವಮಾನವೆಲ್ಲ "ಏ, ಕೇಳಿಲ್ಲಿ" ಎಂದೇ ಕರೆದವರು ಮಾವ.

"ಯಾರನ್ನ ಕರ್ಯಾಕತ್ತಾರ?" ಎಂದು ಅಂಗಡಿಯವನು ನನ್ನನ್ನು ಕೇಳಿದ. ನಾನು ಟ್ಯಾಬನ್ನು ಅತ್ತೆಯ ಕಡೆ ತಿರುಗಿಸಿದೆ.

ಅತ್ತೆ ಜಾರಿದ್ದ ಸೆರಗನ್ನು ಸರಿಮಾಡಿಕೊಂಡು, ಟ್ಯಾಬಿನ ಕಡೆ ಬಾಗಿ, "ಯಾಕ್ರಿ?" ಎಂದರು.